ಬೆಣ್ಣೆ ದೋಸೆ ಬಿಡಿಸಿದ ಆನೆ

ನೀವು ನಂಬುವುದಿಲ್ಲ. ನಂಬುವುದಿಲ್ಲ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ. ನಾನು ಹಸಿದ ಹೊಟ್ಟೆಯಲ್ಲಿ ದಾವಣಗೆರೆಗೆ ಹೋಗಿ, ಇಡೀ ದಿನ ಅಲ್ಲೇ ಇದ್ದು, ಒಂದೇ ಒಂದು ಬೆಣ್ಣೆ ದೋಸೆಯನ್ನೂ ತಿನ್ನದೆ ಹರಿಹರಕ್ಕೆ ವಾಪಸ್ ಬಂದವಳು. ಇಂಥ ಕೆಲಸವನ್ನು ನಮ್ಮ ಮನೆತನದಲ್ಲಿ ಯಾರೂ ಮಾಡಿರಲಿಲ್ಲ. ನಮ್ಮ ಅಜ್ಜ ಕಣ್ಣಿನ ಆಪರೇಷನ್ನಿಗೆ ಹೋದವರು, ಪಟ್ಟಿ ಕಟ್ಟಿಸಿಕೊಂಡ ಮೇಲೆ ಮೊದಲು ಕೇಳಿದ್ದು ದೋಸೆಯನ್ನು. ಕಣ್ಣು ಕಾಣದಿದ್ದರೂ ಬೆಣ್ಣೆ ಕಡಿಮೆ ಹಾಕಿದ್ದಾರೆಂದು ಹೋಟೆಲಿನವನ ಜೊತೆ ಜಗಳ ತೆಗೆದಿದ್ದರು. ಅಂಥವರ ಮೊಮ್ಮಗಳು ನಾನು.

ನನಗೆ ದೋಸೆ ಬಿಡಿಸಿದ್ದು ಒಂದು ಆನೆ. ಅದೂ ಜೀವ ಹೋಗಿ ಎಷ್ಟೋ ಕಾಲವಾದ ಆನೆ. ಚರ್ಮವಿಲ್ಲ, ಮಾಂಸವಿಲ್ಲ, ಸೊಂಡಿಲಿಲ್ಲ, ಬರೀ ಎಲುಬು. ದಾವಣಗೆರೆಯ ಒಂದು ಕಾಲೇಜಿನ ಮ್ಯೂಸಿಯಂನಲ್ಲಿ ನಿಂತಿದೆ. ಅದೇ ಕಾಲೇಜಿನ ಒಂದು ಸೀಟಿಗಾಗಿ ನಾನು ಶ್ರಾವಣವಿಡೀ ಕಾದೆ. ಹೇಗೆ ಕಾದೆ ಎನ್ನುವುದನ್ನು ಹೇಳುತ್ತೇನೆ. ಅಲ್ಲಲ್ಲಿ ಉಪ್ಪುಖಾರ ಸ್ವಲ್ಪ ಮುಂದಾಗಿರಬಹುದು. ಆನೆ ಮಾತ್ರ ನಿಜ.

ಆಗ ನಾನು ಹರಿಹರದಲ್ಲೇ ಬಿ.ಎಸ್ಸಿ. ಮೊದಲನೇ ವರ್ಷ. ಪ್ರಾಣಿಶಾಸ್ತ್ರ ತೆಗೆದುಕೊಂಡವರು ನಾವು ಮೂರೇ ಹುಡುಗಿಯರು. ಹಾಜರಿ ಕರೆಯಲು ಬಾಯಿ ತೆರೆಯುವಷ್ಟರಲ್ಲಿ ಮುಗಿದು ಹೋಗುತ್ತಿತ್ತು. ಒಬ್ಬಳು ಸೀನಿದರೆ ಇಡೀ ಕ್ಲಾಸಿಗೇ ನೆಗಡಿ. ಲ್ಯಾಬಿನಲ್ಲಿ ನಮಗಿಂತ ಸತ್ತ ಪ್ರಾಣಿಗಳ ಸಂಖ್ಯೆಯೇ ಹೆಚ್ಚು. ಒಂದು ಬಾಟಲಿಯಲ್ಲಿ ಕಪ್ಪೆ. ನಮ್ಮಪ್ಪ ಹುಟ್ಟುವುದಕ್ಕೂ ಮೊದಲೇ ಆ ನೀರಿಗೆ ಇಳಿದಿರಬೇಕು, ಬಣ್ಣವೆಲ್ಲ ಬಿಟ್ಟು ಇಡ್ಲಿಯಂತೆ ಬೆಳ್ಳಗಾಗಿತ್ತು. ಇನ್ನೊಂದರಲ್ಲಿ ಹಾವು. ಅದರಲ್ಲಿ ಹಾವು ಯಾವುದು, ಹಾವನ್ನು ಕಟ್ಟಿದ ದಾರ ಯಾವುದು ಎಂದು ಪರೀಕ್ಷೆಯಲ್ಲಿ ಕೇಳಿದ್ದರೆ ಮೂವರೂ ಫೇಲಾಗುತ್ತಿದ್ದೆವು.

ಪಾಠ ಮಾಡಲು ಅತಿಥಿ ಉಪನ್ಯಾಸಕಿ ಒಬ್ಬರಿದ್ದರು. ಅವರಿಗೇ ನಮ್ಮ ಕಪ್ಪೆ ನೋಡಿ ಸಾಕಾಗಿತ್ತು ಅಂತ ಕಾಣುತ್ತದೆ. ಒಂದು ದಿನ ಮೂವರನ್ನೂ ಬಸ್ಸು ಹತ್ತಿಸಿ ದಾವಣಗೆರೆಗೆ ಕರೆದುಕೊಂಡು ಹೋದರು. ಮೊದಲು ಮ್ಯೂಸಿಯಂ, ಆಮೇಲೆ ದೋಸೆ ಎಂದು ಮಾತಾಗಿತ್ತು. ದಾರಿಯುದ್ದಕ್ಕೂ ನಾನು ದೋಸೆಯ ಬಗ್ಗೆಯೇ ಭಾಷಣ ಮಾಡಿದೆ. ನಾಲ್ಕು ತಿನ್ನುತ್ತೇನೆ ಎಂದು ಪಂದ್ಯ ಬೇರೆ ಕಟ್ಟಿದೆ.

ಮ್ಯೂಸಿಯಂ ಬಾಗಿಲು ತೆಗೆದ ಕೂಡಲೇ ನನಗೆ ಕಂಡದ್ದು ಒಂದು ಮನೆ. ಯಾರೋ ಮನೆ ಕಟ್ಟಲು ಕಂಬ ನಿಲ್ಲಿಸಿ, ಜಂತಿ ಜೋಡಿಸಿ, ಮೇಲೆ ಹೊದಿಸುವುದನ್ನು ಮರೆತು ಊಟಕ್ಕೆ ಹೋಗಿದ್ದಾರೆ ಅನ್ನಿಸಿತು. ಆಮೇಲೆ ನೋಡಿದರೆ ಆ ಮನೆಗೆ ತಲೆ ಇತ್ತು.

ಹಣೆಯ ನಡುವೆ ದೊಡ್ಡದೊಂದು ತೂತು. ಮೂರನೇ ಕಣ್ಣು ಎಂದುಕೊಂಡೆ; ಶಿವಭಕ್ತರ ಮನೆಯವಳಿಗೆ ಇನ್ನೇನು ಹೊಳೆದೀತು. ಅದು ಸೊಂಡಿಲಿನ ಬುಡ ಎಂದರು ಮೇಡಂ. ಸೊಂಡಿಲಿಗೆ ಎಲುಬೇ ಇಲ್ಲವಂತೆ. ಆನೆ ಅಂದರೆ ಯಾರಿಗಾದರೂ ಮೊದಲು ನೆನಪಾಗುವುದು ಸೊಂಡಿಲು. ಸತ್ತ ಮೇಲೆ ಗುರುತೂ ಇಲ್ಲದಂತೆ ಹೋಗಿಬಿಡುವುದೂ ಅದೇ.

ಮೇಡಂ ನಮ್ಮನ್ನು ಅದರ ಮುಂಗಾಲಿನ ಪಕ್ಕ ಕೂರಿಸಿ ನೋಡಿ ಎಂದರು. ಆನೆಯ ಕಾಲು ಕಂಬದಂತೆ ಇರುತ್ತದೆ ಎಂದು ಒಂದನೇ ಕ್ಲಾಸಿನಿಂದ ಹೇಳಿಕೊಂಡು ಬಂದಿದ್ದೆವಲ್ಲ, ಆ ಕಂಬದೊಳಗೆ ಒಂದು ಕೈ ಇತ್ತು. ಮೊಣಕೈ, ಮಣಿಕಟ್ಟು, ಅಂಗೈ, ಐದು ಬೆರಳು, ಎಲ್ಲವೂ. ಆ ಬೆರಳುಗಳ ತುದಿಯ ಮೇಲೆ ಅಷ್ಟು ದೊಡ್ಡ ಜೀವ ನಿಂತಿತ್ತು, ಮಲಗಿದ ಮಗುವಿಗೆ ಎಚ್ಚರವಾಗದಿರಲಿ ಎಂದು ತಾಯಿ ತುದಿಗಾಲಲ್ಲಿ ಹೋಗುವಂತೆ.

ನಾನು ಸುಮ್ಮನಾದೆ. ನನ್ನನ್ನು ಬಲ್ಲವರು ದೋಸೆಯ ವಿಷಯವನ್ನಾದರೂ ನಂಬಿಯಾರು, ಇದನ್ನು ನಂಬುವುದಿಲ್ಲ. ಉಳಿದಿಬ್ಬರು ಮೇಡಂ ಜೊತೆ ದೋಸೆಗೆ ಹೋದರು. ನಾನು ಬರುತ್ತೇನೆ, ನೀವು ನಡೆಯಿರಿ ಎಂದವಳು ಅಲ್ಲೇ ಕೂತೆ. ಅವರು ಬಾಯಿಗೆಲ್ಲ ಬೆಣ್ಣೆಯ ಮಿರುಗು ಹಚ್ಚಿಕೊಂಡು ವಾಪಸ್ ಬಂದಾಗಲೂ ನಾನು ಆನೆಯ ಹೆಬ್ಬೆರಳು ಯಾವುದೆಂದು ಎಣಿಸುತ್ತಿದ್ದೆ. ಬಸ್ಸಿಗೆ ಹೊತ್ತಾಗಿತ್ತು.

ವರ್ಷ ಮುಗಿಯುತ್ತಿದ್ದಂತೆ ಮೇಡಂಗೆ ಬೇರೆ ಊರಿನಲ್ಲಿ ಕೆಲಸವಾಯಿತು. ಪ್ರಿನ್ಸಿಪಾಲರು ನಮ್ಮನ್ನು ಕರೆಸಿ, ಮೂರು ಮಂದಿಗಾಗಿ ಪ್ರಾಣಿಶಾಸ್ತ್ರ ನಡೆಸಲು ಆಗುವುದಿಲ್ಲ, ಎರಡನೇ ವರ್ಷದಿಂದ ಅದರ ಬದಲು ಕಂಪ್ಯೂಟರ್ ತೆಗೆದುಕೊಳ್ಳಿ ಎಂದರು. ಉಳಿದಿಬ್ಬರು ತಲೆಯಾಡಿಸಿದರು. ನಾನು ಮಾತ್ರ ಅರ್ಜಿ ಬರೆದು ದಾವಣಗೆರೆಯ ಬಸ್ಸು ಹತ್ತಿದೆ. ಆನೆಯ ಕಾಲೇಜಿನಲ್ಲಿ ಎರಡನೇ ವರ್ಷಕ್ಕೆ ಒಂದೇ ಸೀಟು ಖಾಲಿ ಇತ್ತು. ಬೇರೆ ಬೇರೆ ಕಾಲೇಜುಗಳಿಂದ ಬರುತ್ತೇವೆ ಎಂದು ನಾಲ್ಕು ಮಂದಿ ಅರ್ಜಿ ಹಾಕಿದ್ದೆವು. ಮೇಲಿನಿಂದ ಒಪ್ಪಿಗೆ ಬರಬೇಕು, ಯಾರ ಹೆಸರಿಗೆ ಬರುತ್ತದೋ ಅವರಿಗೆ ಸೀಟು. ನನಗೆ ಬಂದರೆ ಪ್ರಾಣಿಶಾಸ್ತ್ರ. ಬರದಿದ್ದರೆ ಕಂಪ್ಯೂಟರಿನ ಮುಂದೆ ಕೂತು ಜೀವಮಾನವಿಡೀ ಇಲಿ ಹಿಡಿಯುವುದು.

ಯಾವಾಗ ಗೊತ್ತಾಗುತ್ತದೆ ಎಂದು ಆಫೀಸಿನ ಗುಮಾಸ್ತರನ್ನು ಕೇಳಿದೆ.

"ಬಂದ್ರೆ ಫೋನ್ ಮಾಡ್ತೀವಮ್ಮ. ಬರದಿದ್ರೆ ಮಾಡಲ್ಲ," ಎಂದರು.

ಈ ಉತ್ತರದ ಆಳ ನನಗೆ ಬಸ್ಸಿನಲ್ಲಿ ಹೊಳೆಯಿತು. ಫೋನ್ ಬಾರದಿದ್ದರೆ ಇನ್ನೂ ತೀರ್ಮಾನವಾಗಿಲ್ಲ ಎಂದೂ ಆಗಬಹುದು, ಆಗಿಹೋಗಿದೆ, ನೀನು ಮನೆಯಲ್ಲೇ ಇರು ಎಂದೂ ಆಗಬಹುದು. ಸುಮ್ಮನಿರುವ ಫೋನಿಗೆ ಇಷ್ಟೊಂದು ಅರ್ಥ ಇರುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮನೆಯಲ್ಲಿ ಇನ್ನೊಂದು ತೊಡಕಿತ್ತು. ಅದರ ಮೂಲ ನನ್ನ ಬಾಯಿಯೇ. ಮೊದಲನೇ ವರ್ಷದಲ್ಲಿ ನಾನು ಬೀದಿಯ ಕಟ್ಟೆಯ ಮೇಲೆ ಕೂತು, ಇವತ್ತು ಕಪ್ಪೆ ಕೊಯ್ದೆ, ಒಂದೇ ಏಟಿಗೆ ಹೃದಯ ಹೊರಗೆ ತೆಗೆದೆ, ಅದು ನನ್ನ ಅಂಗೈಯಲ್ಲಿ ಇನ್ನೂ ಬಡಿದುಕೊಳ್ಳುತ್ತಿತ್ತು ಎಂದು ಹೇಳಿದ್ದೆ. ನಿಜಕ್ಕೂ ನಾವು ಕಪ್ಪೆ ಕೊಯ್ಯುವುದನ್ನು ಕಂಪ್ಯೂಟರಿನಲ್ಲಿ ನೋಡಿದ್ದೆವು, ಅದೂ ನಡುವೆ ಕರೆಂಟು ಹೋಗಿತ್ತು. ಆದರೆ ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆ. ಅವ್ವ ಮೊಟ್ಟೆ ತಿಂದವರು ಮುಟ್ಟಿದ ತಟ್ಟೆಯನ್ನೂ ಎರಡು ಸಲ ತೊಳೆಯುವವಳು. ಅವಳ ಕಿವಿಗೆ ಆ ಹೃದಯ ಬಡಿದುಕೊಳ್ಳುತ್ತಲೇ ಹೋಗಿ ಮುಟ್ಟಿತ್ತು.

ದಾವಣಗೆರೆ ಕಾಲೇಜಿನ ಸುದ್ದಿ ಎತ್ತಿದ ದಿನ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಇಲ್ಲಿ ಕಪ್ಪೆ ಕೊಯ್ದಿದ್ದು ಸಾಲಲಿಲ್ಲಂತ ಅಲ್ಲಿಗೋಗಿ ಆನೆ ಕೊಯ್ತಿಯೇನಲೇ," ಎಂದಳು.

ಈಗ ಯಾವ ಕಾಲೇಜಿನಲ್ಲೂ ಏನನ್ನೂ ಕೊಯ್ಯುವ ಹಾಗಿಲ್ಲ, ಆನೆ ತಾನಾಗಿಯೇ ಸತ್ತದ್ದು, ನಾನು ಹೇಳಿದ ಕಪ್ಪೆ ಇರಲೇ ಇಲ್ಲ ಎಂದು ವಿವರಿಸಿದೆ. ಒಂದು ವರ್ಷ ಬಡಿದುಕೊಂಡ ಹೃದಯವನ್ನು ಒಂದು ದಿನದಲ್ಲಿ ನಿಲ್ಲಿಸಲು ಆಗುತ್ತದೆಯೇ. ಜೀವ ತೆಗೆದ ಕೈಯಿಂದ ಪೂಜೆ ಮಾಡುವವಳು ಈ ಮನೆಯಲ್ಲಿ ಬೇಡ ಎಂದು ಅವ್ವ ರೊಟ್ಟಿಗೆ ತಿರುಗಿದಳು. ಅಪ್ಪನ ಕಡೆ ನೋಡಿದೆ. ಅಪ್ಪನ ಬಳಿ ಎಲ್ಲ ಪ್ರಶ್ನೆಗಳಿಗೂ ಒಂದೇ ಉತ್ತರವಿದೆ. ಮನೆಗೆ ಬೆಂಕಿ ಬಿದ್ದರೂ ಅದನ್ನೇ ಹೇಳಿಯಾರು.

"ನೋಡಣ," ಎಂದರು.

ಶ್ರಾವಣ ಬಂತು. ಶ್ರಾವಣದ ಸೋಮವಾರ ಅವ್ವ ನಮ್ಮೂರ ದೇವಸ್ಥಾನಕ್ಕೆ ಹೋಗದೆ ಇರುವವಳಲ್ಲ, ನನ್ನನ್ನು ಬಿಟ್ಟು ಹೋಗುವವಳೂ ಅಲ್ಲ. ಆ ದೇವಸ್ಥಾನದ ಕಲ್ಲುಕಂಬಗಳು ಎಷ್ಟು ನುಣುಪು ಎಂದರೆ ಮುಖ ಕಾಣುತ್ತದೆ. ನನ್ನ ಮುಖ ಅಡ್ಡಡ್ಡ ಹಿಗ್ಗಿ ಕಪ್ಪೆಯ ಹಾಗೆ ಕಂಡದ್ದು ಶಕುನವೋ ಅಪಶಕುನವೋ ಗೊತ್ತಾಗಲಿಲ್ಲ. ಒಳಗೆ ದೀಪದ ಬೆಳಕಿನಲ್ಲಿ ದೇವರು. ಒಂದೇ ಕಲ್ಲು, ಒಂದೇ ಮೈ. ಅರ್ಧ ಹರ, ಅರ್ಧ ಹರಿ. ಒಬ್ಬರು ಮುಗಿದು ಇನ್ನೊಬ್ಬರು ಶುರುವಾಗುವ ಗೆರೆ ಎಲ್ಲಿದೆ ಎಂದು ಚಿಕ್ಕವಳಿದ್ದಾಗಿನಿಂದ ಹುಡುಕುತ್ತಿದ್ದೇನೆ. ಕಣ್ಣು ಎಷ್ಟು ಚೂಪು ಮಾಡಿದರೂ ಸಿಕ್ಕಿಲ್ಲ. ಪ್ರತಿ ಸಲವೂ ನೋಡುತ್ತಾ ನೋಡುತ್ತಾ ಹುಡುಕುವುದೇ ಮರೆತುಹೋಗುತ್ತದೆ.

ಅವ್ವ ಯಾವಾಗಲೂ ಹರನ ಕಡೆಯೇ ನಿಲ್ಲುತ್ತಾಳೆ. ಅವಳ ಪಕ್ಕ ನಾನು. ಆ ಸೋಮವಾರ ಅವ್ವ ಬಿಲ್ವಪತ್ರೆಯನ್ನು ಎದೆಗೆ ಒತ್ತಿ ಹಿಡಿದು ತುಟಿ ಅಲ್ಲಾಡಿಸುತ್ತಿದ್ದಳು. ಸೀಟು ಬಾರದಿರಲಿ ಎಂದು ಕೇಳಿಕೊಳ್ಳುತ್ತಿದ್ದಾಳೆಂದು ನನಗೆ ಖಾತ್ರಿಯಾಯಿತು. ಹರನ ಹತ್ತಿರ ನನ್ನ ಅರ್ಜಿ ಇನ್ನು ನಡೆಯುವಂತಿರಲಿಲ್ಲ. ಇಷ್ಟು ವರ್ಷದ ಗಿರಾಕಿ ಅವಳು. ನಾನು ಮೆಲ್ಲಗೆ ಸರಿದು ಹರಿಯ ಕಡೆ ಹೋಗಿ ನಿಂತೆ. ಹೊರಗೆ ಕೊಂಡ ತುಳಸಿ ಕೈಯಲ್ಲಿತ್ತು. ಸೀಟು ಕೊಡಿಸಿದರೆ ಇನ್ನು ಮುಂದೆ ಯಾವ ಮಾತನ್ನೂ ಹಿಗ್ಗಿಸಿ ಹೇಳುವುದಿಲ್ಲ ಎಂದು ಬೇಡಿಕೊಂಡೆ. ಬೇಡಿಕೊಂಡ ಮೇಲೆ ಭಯವಾಗಿ, ಅದು ಬೇಡ, ತುಳಸಿ ಮಾಲೆ ಹಾಕಿಸುತ್ತೇನೆ ಎಂದು ಬದಲಾಯಿಸಿದೆ.

ಅರ್ಚಕರು ಮಂಗಳಾರತಿ ತಟ್ಟೆ ಹಿಡಿದು ಒಮ್ಮೆ ಅವ್ವನನ್ನು, ಒಮ್ಮೆ ನನ್ನನ್ನು ನೋಡಿದರು.

"ಏನ್ರವ್ವ, ತಾಯಿ ಮಗಳು ಪಾಲಾಗಿರೇನು," ಎಂದರು. "ಯಾವ ಕಡೆಯಿಂದ ಕೊಟ್ರೂ ಹೊಟ್ಟೆ ಒಂದೇ ಐತೆ. ಮರೀಬ್ಯಾಡ್ರಿ."

ಅವ್ವ ನನ್ನ ಕೈಯಲ್ಲಿದ್ದ ತುಳಸಿಯನ್ನು ನೋಡಿದಳು. ವಾಪಸ್ ಬರುವಾಗ ಹೊಳೆಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆವು. ನಮ್ಮೂರಲ್ಲಿ ಹನಿ ಮಳೆಯಿಲ್ಲ. ಎಲ್ಲೋ ಮೇಲೆ ಬಿದ್ದ ಮಳೆಗೆ ತುಂಗಭದ್ರೆ ಕೆಂಪಗೆ ತುಂಬಿ, ಸದ್ದೇ ಇಲ್ಲದೆ ಹೋಗುತ್ತಿದ್ದಳು. ಎರಡು ಹೊಳೆ ಸೇರಿ ಆದ ನೀರು ಅದು, ಅದರಲ್ಲೂ ತುಂಗೆ ಯಾವುದು ಭದ್ರೆ ಯಾವುದು ಎಂದು ಹೇಳಲು ಬರುವುದಿಲ್ಲ. ಅವ್ವನೂ ನಾನೂ ಒಬ್ಬರ ಪಕ್ಕ ಒಬ್ಬರು ಕೂತು, ಎದುರುಬದುರು ಬೇಡಿಕೆ ಇಟ್ಟುಕೊಂಡು, ಅದೇ ನೀರನ್ನು ನೋಡಿದೆವು. ಅಷ್ಟು ನೀರು ಒಟ್ಟಿಗೆ ಹೋಗುವುದನ್ನು ನೋಡಿದರೆ ಯಾರಿಗಾದರೂ ತಮ್ಮ ಸೀಟು ಸಣ್ಣದಾಗಿ ಕಾಣಬೇಕು. ನನಗೆ ಇನ್ನೂ ದೊಡ್ಡದಾಗಿ ಕಂಡಿತು.

ಇನ್ನು ಫೋನಿನ ಪುರಾಣ. ಅರ್ಜಿಯಲ್ಲಿ ಬರೆದದ್ದು ಅಪ್ಪನ ನಂಬರು. ನಮ್ಮದು ಕಿರಾಣಿ ಅಂಗಡಿ, ಅಪ್ಪನ ಫೋನು ಗಲ್ಲಾಪೆಟ್ಟಿಗೆಯ ಮೇಲೆ ಗಣಪತಿಯಂತೆ ಕೂತಿರುತ್ತದೆ. ಅದರ ಸೇವೆಗೆಂದು ನಾನು ದಿನವೂ ಅಂಗಡಿಗೆ ಹೋಗತೊಡಗಿದೆ. ಒಂದು ಕಣ್ಣು ತಕ್ಕಡಿಯ ಮೇಲೆ, ಒಂದು ಕಣ್ಣು ಫೋನಿನ ಮೇಲೆ ಇಟ್ಟು ತೂಗಿದ್ದರಿಂದ ಆ ತಿಂಗಳು ನಮ್ಮ ಬೀದಿಯವರ ಚಹಾಕ್ಕೆಲ್ಲ ಸಕ್ಕರೆ ಹೆಚ್ಚಾಯಿತು. ಮಗಳು ಬಹಳ ಚುರುಕು, ಅಂಗಡಿಯಲ್ಲೇ ಇರಲಿ ಎಂದು ಗಿರಾಕಿಗಳು ಅಪ್ಪನಿಗೆ ಹೇಳುತ್ತಿದ್ದರು. ಅಪ್ಪ ನೋಡಣ ಎನ್ನುತ್ತಿದ್ದರು.

ಫೋನು ಬಡಿದುಕೊಂಡರೆ ತೂಗುತ್ತಿದ್ದುದನ್ನು ಹಾಗೇ ಬಿಟ್ಟು ಅದರ ಮುಂದೆ ನಿಲ್ಲುತ್ತಿದ್ದೆ. ಅಂಗೈ ಅಗಲದ ಒಂದು ವಸ್ತು, ಅದರೊಳಗೆ ನನ್ನ ಮುಂದಿನ ವರ್ಷಗಳೆಲ್ಲ ಹೇಗೆ ಹಿಡಿಸುತ್ತವೆ ಎಂದು ನೋಡುತ್ತಿದ್ದೆ. ಎತ್ತಿದರೆ ಸಾಲ ಬೇಕಾ ಎಂದು ಕೇಳುವ ಹುಡುಗಿ. ಅವಳೂ ದಿನವೂ ಯಾರಾದರೂ ಹೂಂ ಅನ್ನಲಿ ಎಂದು ಕಾಯುವವಳು. ಎರಡನೇ ವಾರಕ್ಕೆ ನಮಗೆ ಸ್ನೇಹವೇ ಆಯಿತು. ನಿಮ್ಮ ಸೀಟು ಬಂತೇನ್ರಿ ಎಂದು ಅವಳೇ ಮೊದಲು ಕೇಳುತ್ತಿದ್ದಳು. ಒಮ್ಮೆ ದಾವಣಗೆರೆಯಿಂದ ಬಂದ ಕರೆಯನ್ನು ಎತ್ತಿ, ನಮಸ್ಕಾರ ಸರ್, ನಾನು ನಿಮ್ಮ ವಿಭಾಗಕ್ಕೆ ಹೆಸರು ತರುತ್ತೇನೆ ಎಂದುಬಿಟ್ಟೆ. ಆ ಕಡೆ ಇದ್ದವರು ಮಂಡಕ್ಕಿ ಚೀಲದ ವ್ಯಾಪಾರಿ. ಎಷ್ಟು ಚೀಲ ಕಳಿಸ್ಲಿ ಎಂದರು.

ಸಂಜೆಯಾದರೆ ಕಾಯುವುದು ಇನ್ನೂ ಕಷ್ಟ. ಆಫೀಸು ಮುಚ್ಚಿದ ಮೇಲೆ ಯಾರೂ ಫೋನ್ ಮಾಡುವುದಿಲ್ಲ ಎಂದು ಗೊತ್ತಿದ್ದರೂ ಕಿವಿಗೆ ರಜೆ ಕೊಡಲು ಆಗುತ್ತಿರಲಿಲ್ಲ. ಅದಕ್ಕೇ ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಬೀದಿಯ ಮಕ್ಕಳಿಗೆ ಆನೆಯ ಕಥೆ ಹೇಳಲು ಶುರು ಮಾಡಿದೆ. ಪಕ್ಕದ ಮನೆಯ ಅಜ್ಜಿ ಹತ್ತಿ ಹೊಸೆಯುತ್ತಾ ಬಂದು ಕೂರುತ್ತಿದ್ದರು. ಎದುರುಮನೆಯ ನನ್ನ ಗೆಳತಿಯೂ ಬರುತ್ತಿದ್ದಳು, ನನ್ನ ಮಾತಿಗೆ ತಡೆ ಹಾಕುವುದಕ್ಕೆಂದೇ.

ಮೊದಲನೇ ದಿನ ಆನೆ ಇದ್ದಷ್ಟೇ ಇತ್ತು. ಕಾಯುವುದು ಉದ್ದವಾದಂತೆ ಅದೂ ಬೆಳೆಯಿತು. ಮೊದಲು ಅದರ ಬೆನ್ನು ಮ್ಯೂಸಿಯಂನ ಫ್ಯಾನಿಗೆ ತಾಗುತ್ತಿತ್ತು. ನಾಲ್ಕು ದಿನ ಬಿಟ್ಟು ಅದಕ್ಕಾಗಿ ಒಂದು ಅಂತಸ್ತನ್ನೇ ಒಡೆಯಬೇಕಾಯಿತು. ಆಮೇಲೆ ಆನೆಯನ್ನು ಬಾಗಿಲಿನಿಂದ ಒಳಗೆ ತರಲು ಆಗದೆ, ಮೊದಲು ಆನೆಯನ್ನು ನಿಲ್ಲಿಸಿ ಅದರ ಸುತ್ತ ಕಾಲೇಜು ಕಟ್ಟಿದರು. ಅದರ ಸಾವೂ ಬದಲಾಯಿತು. ಒಂದು ಸಂಜೆ ಹುಲಿಯ ಜೊತೆ ಹೋರಾಡಿ ಸತ್ತರೆ, ಇನ್ನೊಂದು ಸಂಜೆ ಹುಬ್ಬಳ್ಳಿ ಕಡೆಯಿಂದ ಬಂದ ರೈಲನ್ನು ತಲೆಯಿಂದ ತಡೆದು ನಿಲ್ಲಿಸಿ, ಪ್ರಯಾಣಿಕರೆಲ್ಲ ಇಳಿದ ಮೇಲೆ ಸತ್ತಿತು.

"ಎಲುಬಿನ ಆನೆ ಅಂತೀಯ, ಸೊಂಡ್ಲು ಎಲ್ಲೋತು," ಎಂದು ಅಜ್ಜಿ ಒಮ್ಮೆ ಕೇಳಿದರು.

ಸೊಂಡಿಲಿಗೆ ಎಲುಬಿಲ್ಲ ಎಂದೆ. ಇದೊಂದನ್ನು ಮಾತ್ರ ಯಾರೂ ನಂಬಲಿಲ್ಲ. ರೈಲು ನಿಲ್ಲಿಸಿದ್ದನ್ನು ಒಪ್ಪಿದ ಮಕ್ಕಳು ಸೊಂಡಿಲಿನ ವಿಷಯಕ್ಕೆ ಎದ್ದು ಹೋಗುವವರಿದ್ದರು.

"ಇದು ಸುಳ್ಳು ಬಿಡು," ಎಂದಳು ಗೆಳತಿ. "ಉಳಿದಿದ್ದನ್ನಾದ್ರೂ ಸರಿಯಾಗಿ ಹೇಳ್ತಿದ್ದೆ."

ಮಕ್ಕಳು ಮನೆಗೆ ಹೋದ ಮೇಲೆ ನನಗೆ ಒಳಗೊಳಗೇ ಹೆದರಿಕೆಯಾಗುತ್ತಿತ್ತು. ಆ ಸೀಟು ಬಾರದಿದ್ದರೆ ಆ ಆನೆಯನ್ನು ನಾನು ಮತ್ತೆ ನೋಡುವ ಕಾರಣವೇ ಇರಲಿಲ್ಲ. ನನ್ನ ಬಳಿ ಉಳಿಯುವುದು ಕಟ್ಟೆಯ ಮೇಲಿನ ಆನೆ ಮಾತ್ರ. ಅದು ಎಷ್ಟು ದೊಡ್ಡದಾದರೂ ಅದಕ್ಕೆ ಬೆರಳುಗಳಿರಲಿಲ್ಲ. ಬೆರಳಿನ ವಿಷಯವನ್ನು ನಾನು ಯಾರಿಗೂ ಹೇಳಿರಲಿಲ್ಲ. ಯಾಕೆ ಎಂದು ಕೇಳಬೇಡಿ. ಅದನ್ನು ಹಿಗ್ಗಿಸಲು ಬರುತ್ತಿರಲಿಲ್ಲ, ಅದಕ್ಕೇ ಇರಬೇಕು.

ಶ್ರಾವಣದ ಕೊನೆಯ ವಾರ. ಒಂದು ಗುರುವಾರ ಬೆಳಗ್ಗೆ ಅವ್ವ ಒಳ್ಳೆಯ ಸೀರೆ ಉಟ್ಟು, ಆನಗೋಡಿನಲ್ಲಿ ಸಂಬಂಧಿಕರ ಮನೆಯಲ್ಲಿ ತೊಟ್ಟಿಲ ಕಾರ್ಯವಿದೆ, ಸಂಜೆಗೆ ಬರುತ್ತೇನೆ ಎಂದು ಹೊರಟಳು. ದಾವಣಗೆರೆಯಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕು. ಬರುವಾಗ ದೋಸೆ ಕಟ್ಟಿಸಿಕೊಂಡು ಬಾ ಎಂದೆ. ಅವಳು ಅಪ್ಪನ ಮುಖವನ್ನು ನೋಡಿ, ಚೀಲ ಹೆಗಲಿಗೆ ಹಾಕಿಕೊಂಡು ಹೋದಳು.

ಅವತ್ತು ಅಂಗಡಿಯಲ್ಲಿ ಫೋನು ಒಂದು ಸಲವೂ ಸದ್ದು ಮಾಡಲಿಲ್ಲ. ಸಾಲದ ಹುಡುಗಿ ಕೂಡ ನನ್ನನ್ನು ಕೈಬಿಟ್ಟಳು. ಸಂಜೆ ಕಟ್ಟೆಗೆ ಬಂದವಳು ಸಿಟ್ಟಿನಲ್ಲೋ ಸಂಕಟದಲ್ಲೋ ಆನೆಯನ್ನು ದೇವಸ್ಥಾನದ ಗೋಪುರದೆತ್ತರಕ್ಕೆ ಏರಿಸಿಬಿಟ್ಟೆ. ಅದರ ಪಕ್ಕೆಲುಬಿನೊಳಗೆ ಒಂದು ಆಟೋ ತಿರುಗಿಸಬಹುದು ಎಂದೆ. ಮಕ್ಕಳ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಗೆಳತಿ ಕೂಡ ಸುಮ್ಮನಿದ್ದಳು. ನಾನು ಎದ್ದು ನಿಂತು, ಕೈ ಮೇಲೆತ್ತಿ, ಅದರ ದಂತ ಎಲ್ಲಿಯವರೆಗೆ ಬರುತ್ತದೆ ಎಂದು ತೋರಿಸುತ್ತಿದ್ದೆ.

ಅಷ್ಟರಲ್ಲಿ ಅವ್ವ ಬಂದಳು.

ಬಸ್ಸಿನ ಧೂಳು ಮುಖದ ಮೇಲಿತ್ತು. ಚೀಲ ಇಳಿಸಿ ಕಟ್ಟೆಯ ಅಂಚಿಗೆ ಕೂತಳು.

"ಬಾರವ್ವ," ಎಂದರು ಅಜ್ಜಿ. "ನಿನ್ ಮಗಳ ಆನೆ ಗೋಪುರದಷ್ಟಾತು ನೋಡು."

"ಎಲ್ಲಿ ಗೋಪುರಾನಮ್ಮ," ಎಂದಳು ಅವ್ವ. "ನಮ್ ಮನೆ ಜಂತಿ ಎತ್ತರ ಐತೆ, ಅಷ್ಟೇ. ಮುಟ್ಟಿ ನೋಡೀನಿ."

ಮಕ್ಕಳೆಲ್ಲ ನನ್ನ ಕಡೆ ತಿರುಗಿದರು. ನನ್ನ ಕೈ ಇನ್ನೂ ಮೇಲೇ ಇತ್ತು. ಅದನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಇಡೀ ಶ್ರಾವಣ ಬೆಳೆಸಿದ ಆನೆಯನ್ನು ಅವ್ವ ಒಂದೇ ಮಾತಿನಲ್ಲಿ ನಮ್ಮ ಮನೆಯ ಜಂತಿಗೆ ಇಳಿಸಿದ್ದಳು. ಅದಕ್ಕಿಂತ ದೊಡ್ಡ ಸಂಗತಿ ನನ್ನ ತಲೆಗೆ ಆಮೇಲೆ ಹತ್ತಿತು.

"ನೀನೆಲ್ಲಿ ಮುಟ್ಟಿದೆ," ಎಂದೆ.

"ಆನಗೋಡಿಗೆ ಹೋಗ್ಲಿಲ್ಲ," ಎಂದಳು. "ನಿನ್ ಕಾಲೇಜಿಗೆ ಹೋಗಿದ್ದೆ. ನನ್ ಮಗಳಿಗೆ ಸೀಟು ಬ್ಯಾಡ್ರಿ ಅಂತ ಹೇಳಾಕ."

ನಾನು ಕೂತೆ.

ಅವ್ವ ಅಜ್ಜಿಗೆ ಹೇಳುವವಳ ಹಾಗೆ ಹೇಳುತ್ತಾ ಹೋದಳು. ಆಫೀಸಿನಲ್ಲಿ ಹೆಸರು ಹೇಳಿದ ಕೂಡಲೇ ಗುಮಾಸ್ತರು, ಒಳ್ಳೆಯದಾಯಿತು ಬಂದಿರಿ, ನಿಮ್ಮ ಮಗಳದ್ದೇ ಒಪ್ಪಿಗೆ ಬಂದಿದೆ, ಇವತ್ತು ಫೋನ್ ಮಾಡುವವರಿದ್ದೆವು, ಒಂದು ಸಹಿ ಹಾಕಿ ಎಂದರಂತೆ. ಸಹಿಗೆ ಮೊದಲು ವಿಭಾಗದ ಮೇಡಂ ಹತ್ತಿರ ಮಾತಾಡಬೇಕು ಎಂದಳಂತೆ ಅವ್ವ. ಅವರು ಪಾಠದಲ್ಲಿದ್ದಾರೆ, ಅಲ್ಲಿ ಕೂತಿರಿ ಎಂದು ಒಂದು ದೊಡ್ಡ ಕೋಣೆ ತೋರಿಸಿದರಂತೆ. ಒಳಗೆ ಹೋದರೆ ಆನೆ. ಕೂರಲು ಇದ್ದ ಒಂದೇ ಸ್ಟೂಲು ಅದರ ಮುಂಗಾಲಿನ ಪಕ್ಕದಲ್ಲಿತ್ತು.

"ಹೆದರಿಕೆ ಆಗ್ಲಿಲ್ಲೇನೇ," ಎಂದರು ಅಜ್ಜಿ.

ಮೊದಲು ಸಿಟ್ಟು ಬಂತು ಎಂದಳು ಅವ್ವ. ಇದನ್ನು ಕೊಂದವರು ಯಾರು ಎಂದು ಧೂಳು ಒರೆಸಲು ಬಂದ ಹೆಂಗಸನ್ನು ಕೇಳಿದಳಂತೆ. ಯಾರೂ ಕೊಲ್ಲಲಿಲ್ಲ, ಯಾವುದೋ ಮಠದ ಆನೆಯಂತೆ, ವಯಸ್ಸಾಗಿ ತಾನೇ ಹೋಯಿತಂತೆ ಎಂದಳಂತೆ ಅವಳು.

"ಮಣ್ಣು ಮಾಡಿದ್ರಂತೆ ಕಣಮ್ಮ," ಎಂದಳು ಅವ್ವ, ದನಿ ತಗ್ಗಿಸಿ. "ನಮ್ ಪೈಕಿ ಮಾಡ್ತಾರಲ್ಲ, ಹಂಗೇ. ಪೂಜೆ ಮಾಡಿ, ವಿಭೂತಿ ಹಚ್ಚಿ. ಎಷ್ಟೋ ವರ್ಷ ಆದ್ಮ್ಯಾಲೆ ಎಲುಬು ತೆಗ್ದು, ತೊಳ್ದು, ಒಂದೊಂದಾಗಿ ಜೋಡಿಸ್ಯಾರೆ."

ಹುಲಿಯೂ ರೈಲೂ ಆ ಕ್ಷಣಕ್ಕೆ ನಮ್ಮ ಬೀದಿಯಿಂದ ಎದ್ದು ಹೋದವು. ಮಕ್ಕಳು ನನ್ನನ್ನು ಬಿಟ್ಟು ಅವ್ವನ ಕಡೆ ಸರಿದು ಕೂತರು. ಅವ್ವ ಯಾವುದನ್ನೂ ಹಿಗ್ಗಿಸದೆ, ಕೈ ಕೂಡ ಆಡಿಸದೆ ಹೇಳುತ್ತಿದ್ದಳು. ಅವಳ ಆನೆ ನನ್ನದಕ್ಕಿಂತ ದೊಡ್ಡದಾಗಿತ್ತು.

"ಮೇಡಂ ಬಂದ್ರಾ," ಎಂದೆ.

"ಬಂದ್ರು. ಏನ್ ಹೇಳ್ಬೇಕಾಗಿತ್ರಿ ಅಂದ್ರು."

"ನೀನೇನಂದೆ."

"ಏನೂ ಇಲ್ರಿ, ಸಹಿ ಎಲ್ಲಾಕ್ಬೇಕು ಅಂದೆ."

ಗೆಳತಿ ನನ್ನ ತೋಳು ಹಿಂಡಿದಳು. ನಾನು ಏನಾದರೂ ದೊಡ್ಡದಾಗಿ ಹೇಳಬೇಕಾಗಿತ್ತು, ಇಷ್ಟು ದಿನ ಅದಕ್ಕೇ ತಯಾರಾಗಿದ್ದೆ. ಬಾಯಿಗೆ ಒಂದೂ ಬರಲಿಲ್ಲ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಮೊದಲ ಸಲ ನನ್ನನ್ನು ನೋಡಿದಳು.

"ಸೋಮವಾರ ಇಲ್ಲಿ ಟೀಸಿ ತಗಂಡು ಅಲ್ಲಿಗೆ ಹೋಗ್ಬೇಕಂತೆ. ಅದಕ್ಕೂ ಮುಂಚೆ ಗುಡಿಗೋಗಣ. ನಾನು ಕೇಳ್ಕಂಡಿದ್ದನ್ನ ವಾಪಸ್ ತಗಂಬೇಕು." ಮತ್ತೆ ಹೇಳಿದಳು, "ನೀನು ಆ ಕಡೆ ಹೋಗಿ ನಿಂದ್ರಬ್ಯಾಡ. ನನ್ ಪಕ್ಕಕ್ಕೇ ಇರು."

ಅಜ್ಜಿಗೆ ಇನ್ನೂ ಆನೆಯೇ ಬೇಕಾಗಿತ್ತು. ಅಂಥದ್ದೇನು ಕಂಡೆ ಅದರಲ್ಲಿ ಎಂದು ಕೇಳಿದರು. ಅವ್ವ ಬಲಗೈಯನ್ನು ಕಟ್ಟೆಯ ಕಲ್ಲಿನ ಮೇಲೆ ಇಟ್ಟಳು. ಅಂಗೈ ಊರಲಿಲ್ಲ, ಐದು ಬೆರಳ ತುದಿಗಳನ್ನು ಮಾತ್ರ ಊರಿ, ಮಣಿಕಟ್ಟನ್ನು ಮೇಲೆತ್ತಿ ನಿಲ್ಲಿಸಿದಳು. ಬೆಳಗಿನ ರೊಟ್ಟಿಯ ಹಿಟ್ಟು ಉಗುರಿನ ಸಂದಿಯಲ್ಲಿ ಇನ್ನೂ ಇತ್ತು.

"ಹಿಂಗೆ ನಿಂತೈತೆ," ಎಂದಳು. "ಅಷ್ಟ್ ದೊಡ್ಡದು. ನೆಲಕ್ಕೂ ನೋವಾಗ್ಬಾರ್ದು ಅನ್ನಂಗೆ."

ನಾನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಬೆರಳುಗಳು ಅವು. ಅವ್ವ ತಾನಾಗಿಯೇ ಹೋಗಿ ಕಂಡುಕೊಂಡು ಬಂದಿದ್ದಳು. ಅಜ್ಜಿ ಹತ್ತಿ ಕೆಳಗಿಟ್ಟು ತಮ್ಮ ಕೈಯನ್ನೂ ಹಾಗೇ ನಿಲ್ಲಿಸಿ ನೋಡಿದರು. ಒಂದು ಮಗು ಇಟ್ಟಿತು, ಅದನ್ನು ನೋಡಿ ಇನ್ನೊಂದು. ಸ್ವಲ್ಪ ಹೊತ್ತಿಗೆ ನಮ್ಮ ಕಟ್ಟೆಯುದ್ದಕ್ಕೂ ಸಣ್ಣ ಸಣ್ಣ ಕೈಗಳು ತುದಿಬೆರಳಲ್ಲಿ ನಿಂತವು. ಗೆಳತಿಯೂ ಇಟ್ಟಳು.

ಎಷ್ಟಾದರೂ ನಾನು ನಾನೇ. ಸುಮ್ಮನಿರಲು ಆಗಲಿಲ್ಲ.

"ದೋಸೆ ತಂದ್ಯಾ," ಎಂದೆ.

ಅವ್ವ ಚೀಲದ ಕಡೆ ನೋಡಿದಳು. ಆಮೇಲೆ ನನ್ನ ಕಡೆ.

"ಇಲ್ಲ ಕಣಲೇ," ಎಂದಳು. "ನಾನೂ ತಿನ್ಲಿಲ್ಲ. ನೆನಪೇ ಆಗ್ಲಿಲ್ಲ."

ಅವಳ ಮುಖದಲ್ಲಿ ನಾಚಿಕೆಯಂಥದ್ದೇನೋ ಬಂದು ಹೋಯಿತು. ಅದನ್ನು ನಾನು ಕಂಡದ್ದು ಅವಳಿಗೆ ಗೊತ್ತಾಯಿತು. ತಟ್ಟನೆ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಕ್ಕಳ ಕಡೆ ತಿರುಗಿದಳು.

"ಏಳ್ರಿ, ಮನೆಗೆ ನಡೀರಿ ಎಲ್ಲಾರು. ಆನೆ ಕಥೆ ಮುಗೀತು."